ಹಾದಿಯ ಬಾಲ

ಅಪ್ಪ ಅಮ್ಮ ಇಟ್ಟ ಹೆಸರು ಸಹಿ ಹಾಕುವಾಗ ಮಾತ್ರ ಹೊರಗೆ ಬರುತ್ತಿತ್ತು. ಮಿಕ್ಕಂತೆ ಅವನು ಎಲ್ಲರಿಗೂ ಬಾಲಣ್ಣ. ಕಡಲಂಚಿನ ಪಕ್ಷಿಧಾಮದಲ್ಲಿ ಅವನದು ಬಾಲದ ಕೆಲಸ. ಅಂದರೆ, ನಡೆಯಲು ಬಂದವರೆಲ್ಲ ಒಳಗೆ ಹೋಗಿ ಗೇಟು ಮುಚ್ಚಿದ ಮೇಲೆ, ಅವರೆಲ್ಲರ ಹಿಂದೆ ತಾನೊಬ್ಬನೇ ಹಾದಿ ಹಿಡಿದು, ಕೊನೆಯವರು ಹೊರಬೀಳುವ ತನಕ ಅವರ ಬೆನ್ನಿಗಿದ್ದು, ಒಳಗೆ ಯಾರೂ ಉಳಿಯದಂತೆ ನೋಡಿಕೊಂಡು ಬರುವುದು. ಕೇಳಿದವರು ಅಷ್ಟೇನಾ ಅನ್ನುತ್ತಿದ್ದರು. ಅಷ್ಟೇ. ಕೆಲಸವೆಂದರೆ ಬೆವರು ಸುರಿಯಬೇಕು, ನಾಲ್ಕು ಜನಕ್ಕೆ ಸದ್ದು ಕೇಳಿಸಬೇಕು ಎಂದುಕೊಂಡವರಿಗೆ ಇದು ಕೆಲಸದಂತೆ ಕಾಣುವುದು ಕಷ್ಟ. ಬಾಲಣ್ಣನೂ ಯಾರಿಗೂ ವಿವರಿಸಲು ಹೋಗುತ್ತಿರಲಿಲ್ಲ.

ಹಾದಿ ದೊಡ್ಡದೊಂದು ಬಳೆಯಂತೆ ಸುತ್ತಿ ಬರುತ್ತದೆ. ಮೊದಲು ಮರಳ ದಿಬ್ಬಗಳು, ಆಮೇಲೆ ಗಾಳಿಮರಗಳ ತೋಪು, ಅದು ಮುಗಿದರೆ ಕೆಸರಿನ ಮೇಲೆ ಹಾಸಿದ ಮರದ ಹಲಗೆಯ ದಾರಿ. ಹಲಗೆಯ ಎರಡೂ ಕಡೆ ಏಡಿಗಳದೇ ಸಂತೆ. ಹೆಜ್ಜೆಯ ಸದ್ದಿಗೆ ಎಲ್ಲವೂ ಒಟ್ಟಿಗೆ ಬಿಲ ಸೇರಿ, ಸದ್ದು ನಿಂತ ಮೇಲೆ ಒಂದೊಂದೇ ಇಣುಕುತ್ತವೆ. ಅಲ್ಲಿಂದ ಮುಂದೆ ಬಯಲು ಮರಳು. ಹಗ್ಗ ಕಟ್ಟಿದ ಆ ಬಯಲಿನಲ್ಲಿ ಕಡಲಹಕ್ಕಿಗಳು ನೆಲದ ಮೇಲೆಯೇ ಮೊಟ್ಟೆ ಇಡುತ್ತವೆ. ಮೊಟ್ಟೆಯೂ ಮರಳಿನ ಬಣ್ಣ, ಮರಿಯೂ ಮರಳಿನ ಬಣ್ಣ. ಹಗ್ಗ ದಾಟಿ ಕಾಲಿಟ್ಟರೆ ಯಾರ ಸಂಸಾರ ತುಳಿದೆವೆಂದು ತುಳಿದವರಿಗೂ ತಿಳಿಯುವುದಿಲ್ಲ. ಅದರಾಚೆ ಬಂಡೆಗುಡ್ಡ, ಗುಡ್ಡದ ತುದಿಯಲ್ಲಿ ಹಕ್ಕಿ ನೋಡಲು ಒಂದು ಬಾಗಿಲಿಲ್ಲದ ಗುಡಿಸಲು, ಒಂದು ಬೆಂಚು. ಗುಡ್ಡ ಇಳಿದು ಹೊರಗೇಟಿಗೆ ಬರಲು ಇರುವುದು ಮರಳಿನ ದಂಡೆಯೊಂದೇ. ಒಂದು ಕಡೆ ಕಡಲು, ಇನ್ನೊಂದು ಕಡೆ ಹಿನ್ನೀರು. ಉಬ್ಬರ ಏರಿತೆಂದರೆ ಎರಡೂ ಕೈ ಕೂಡಿಸಿ ದಂಡೆಯನ್ನು ಮುಳುಗಿಸಿಬಿಡುತ್ತವೆ. ಹಾಗಾಗಿ ಗೇಟು ಮುಚ್ಚುವ ಹೊತ್ತನ್ನು ಅಲ್ಲಿ ಗಡಿಯಾರ ಹೇಳುವುದಿಲ್ಲ, ನೀರು ಹೇಳುತ್ತದೆ. ಒಂದು ದಿನ ಇದ್ದ ಹೊತ್ತು ಮರುದಿನ ಇಲ್ಲ.

ಒಳಗೆ ಹೋಗುವವರಿಗೆಲ್ಲ ಗೇಟಿನಲ್ಲಿ ತಗಡಿನ ಬಿಲ್ಲೆ ಕೊಡುತ್ತಾರೆ. ಹೊರಗೆ ಬಂದವರು ಅದನ್ನು ಹಿಂದಿರುಗಿಸಿದರೆ ಕೌಂಟರಿನಾಕೆ ಹಲಗೆಯ ಕೊಕ್ಕೆಗೆ ಸಿಕ್ಕಿಸುತ್ತಾಳೆ. ಖಾಲಿ ಕೊಕ್ಕೆ ಇದ್ದರೆ ಒಳಗೆ ಜನ ಇದ್ದಾರೆ ಎಂದು ಅರ್ಥ. ಕಡೆಯ ಕೊಕ್ಕೆ ಬಾಲಣ್ಣನದು. ಅದು ತುಂಬಿದ ಮೇಲೆಯೇ ಅವಳು ಚೀಲ ಹೆಗಲಿಗೇರಿಸಿ ಮನೆಗೆ ಹೋಗುವುದು.

ಈ ಕೆಲಸ ಕಲಿಸಿದವನು ಅವನಿಗಿಂತ ಮೊದಲು ಬಾಲವಾಗಿದ್ದ ಮುದುಕ. ಕಲಿಸಿದ್ದು ಎರಡೇ ಮಾತು. ಯಾರನ್ನೂ ದಾಟಬೇಡ, ಯಾರಿಗೂ ಕಾಣಿಸಿಕೊಳ್ಳಬೇಡ. ಹಿಂದೆ ಒಬ್ಬ ಕಾಯುತ್ತಿದ್ದಾನೆ ಎಂದು ಗೊತ್ತಾದ ಕೂಡಲೇ ಜನರಿಗೆ ಅವಸರ ಹತ್ತುತ್ತದೆ, ಅವಸರ ಹತ್ತಿದವರು ಕಾಲ ಕೆಳಗೆ ನೋಡುವುದನ್ನು ಬಿಟ್ಟು ಹಿಂದೆ ಹಿಂದೆ ನೋಡುತ್ತಾರೆ, ಆಮೇಲೆ ಬೀಳುತ್ತಾರೆ ಎನ್ನುವುದು ಮುದುಕನ ಲೆಕ್ಕಾಚಾರ. ಆದ್ದರಿಂದ ಅವರು ನಡೆದರೆ ನಡೆ, ನಿಂತರೆ ನಿಲ್ಲು, ಕೂತರೆ ಮರೆಗೆ ಹೋಗು. ಬಾಲಣ್ಣ ಇದನ್ನು ಕಲಿತ ಎನ್ನುವುದಕ್ಕಿಂತ ಇದು ಅವನ ಜಾಯಮಾನದಲ್ಲೇ ಇತ್ತು ಎನ್ನುವುದು ಸರಿ. ಚಿಕ್ಕಂದಿನಿಂದಲೂ ಅವನು ಯಾವುದಕ್ಕೂ ಮುಂದೆ ಬಿದ್ದವನಲ್ಲ. ಸಾಲಿನಲ್ಲಿ ನಿಂತರೆ ಹಿಂದಿನವರನ್ನೆಲ್ಲ ಮುಂದೆ ಬಿಟ್ಟುಕೊಂಡು ಕಡೆಗೆ ಕೌಂಟರು ಮುಚ್ಚಿಸಿಕೊಂಡು ಬರುವ ಗಿರಾಕಿ.

ವರ್ಷಗಟ್ಟಲೆ ಜನರ ಹಿಂದೆ ನಡೆದವನಿಗೆ ಮುಖಗಳ ಪರಿಚಯ ತಪ್ಪಿಹೋಗಿ ಬೆನ್ನುಗಳ ಪರಿಚಯ ಬಲಿಯಿತು. ಪೇಟೆಯಲ್ಲಿ ಯಾರಾದರೂ ಎದುರಿಗೆ ಬಂದು ಹೇಗಿದ್ದೀರಿ ಎಂದರೆ ಪಿಳಿಪಿಳಿ ನೋಡುತ್ತ ನಿಲ್ಲುತ್ತಿದ್ದ. ಪಾಪ, ಅವರು ಬೇಸರದಿಂದ ತಿರುಗಿ ಹೊರಟರೋ, ಓಹೋ ನೀವಾ ಎಂದು ಹಿಂದೆಯೇ ಓಡುತ್ತಿದ್ದ. ದಂಪತಿಗಳ ಬೆನ್ನು ನೋಡಿಯೇ ಬೆಳಿಗ್ಗೆ ಜಗಳವಾಗಿದೆಯೋ ಇಲ್ಲವೋ ಹೇಳುತ್ತಿದ್ದ. ಯಾರ ಕಾಲಲ್ಲಿ ಹೊಸ ಚಪ್ಪಲಿ ಕಚ್ಚುತ್ತಿದೆ, ಯಾರು ಅಳು ನುಂಗಿಕೊಂಡು ಹಕ್ಕಿ ನೋಡುವವರಂತೆ ನಟಿಸುತ್ತಿದ್ದಾರೆ, ಎಲ್ಲ ಅವನಿಗೆ ಬೆನ್ನಿನಲ್ಲೇ ತಿಳಿಯುತ್ತಿತ್ತು. ಇಂಥ ವಿದ್ಯೆಯ ಬಗ್ಗೆ ಅವನಿಗೆ ಒಳಗೊಳಗೇ ಹೆಮ್ಮೆಯಿತ್ತು. ಹೆಂಡತಿ ದರ್ಜಿ. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಊರವರ ಬಟ್ಟೆ ಬಿಗಿ ಸಡಿಲ ಮಾಡುತ್ತಿದ್ದಳು.

"ನಾನೆಲ್ಲಾದರೂ ಕಳೆದುಹೋದ್ರೆ ಪೊಲೀಸರಿಗೆ ನನ್ನ ಬೆನ್ನಿನ ಗುರುತು ಕೊಡ್ತೀರೇನ್ರೀ?" ಎಂದು ಅವಳು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಕೇಳುತ್ತಿದ್ದಳು. ಕೊಡುತ್ತೇನೆ, ನಿನಗಿಂತ ಮೊದಲು ನಿನ್ನ ಬೆನ್ನೇ ಸಿಗುತ್ತದೆ ಎಂದು ಅವನು ಹೇಳುತ್ತಿದ್ದ.

ಅವನು ಬದುಕಿನಲ್ಲಿ ಮೊಟ್ಟಮೊದಲು ಪಾಠ ಮಾಡಿಕೊಂಡ ಬೆನ್ನು ಅಕ್ಕನದು. ಅಪ್ಪ ಬೇಗ ಹೋಗಿದ್ದ. ಅಮ್ಮ ನೂಲಿನ ಗಿರಣಿಯ ಮೊದಲ ಪಾಳಿಗೆ ಮಕ್ಕಳು ಏಳುವ ಮೊದಲೇ ಹೊರಡುತ್ತಿದ್ದಳು. ತಮ್ಮನನ್ನು ಎಬ್ಬಿಸಿ, ಮುಖ ತೊಳೆಸಿ, ಗುಂಡಿ ಹಾಕಿ ಶಾಲೆಗೆ ಕರೆದೊಯ್ಯುವುದು ಅಕ್ಕನ ಪಾಲಿಗೆ ಬಂದಿತ್ತು. ಅಕ್ಕ ಮುಂದೆ, ಅವನು ಹಿಂದೆ. ಅವಳ ಚೀಲದ ಪಟ್ಟಿಯ ತುದಿ ಅವನ ಮುಷ್ಟಿಯಲ್ಲಿ. ಅವನು ಜಗ್ಗಿ ಜಗ್ಗಿಯೇ ಅವಳ ಎಡಭುಜ ಒಂದಿಷ್ಟು ಕೆಳಗಿಳಿದು ಹಾಗೇ ನಿಂತುಬಿಟ್ಟಿತು ಎಂದು ಅಮ್ಮ ನಗುತ್ತಿದ್ದಳು. ಅಕ್ಕ ತಿರುಗಿ ನೋಡುವವಳಲ್ಲ. ನೋಡುತ್ತ ನಿಂತರೆ ಬಸ್ಸು ತಪ್ಪುತ್ತಿತ್ತು. ಪಟ್ಟಿ ಸಡಿಲವಾಯಿತು ಎನ್ನಿಸಿದರೆ ಮುಂದೆ ನೋಡಿಕೊಂಡೇ "ಬಂದ್ಯಾ?" ಎಂದು ಕೇಳುತ್ತಿದ್ದಳು. ಇವನು "ಬಂದೆ" ಅನ್ನುತ್ತಿದ್ದ. ಅಷ್ಟಾದರೆ ಮತ್ತೆ ನಡಿಗೆ.

ಇಬ್ಬರೂ ದೊಡ್ಡವರಾಗಿ, ಬೇರೆ ಬೇರೆ ಮನೆ ಮಾಡಿಕೊಂಡ ಮೇಲೂ ಈ ಏರ್ಪಾಡು ಬದಲಾಗಲಿಲ್ಲ. ಏನೇ ಬಂದರೂ ಅಕ್ಕ ತೀರ್ಮಾನ ಮಾಡುತ್ತಿದ್ದಳು, ತಮ್ಮ ಹೂಂ ಅನ್ನುತ್ತಿದ್ದ. ಅಮ್ಮನಿಗೆ ವಯಸ್ಸಾಗಿ ಮರೆವು ಹತ್ತಿದಾಗ ಅಕ್ಕನೇ ತನ್ನ ಮನೆಗೆ ಕರೆದುಕೊಂಡು ಹೋದಳು. ಬಾಲಣ್ಣ ರಜೆಯ ದಿನ ಹೋಗಿ ಬರುತ್ತಿದ್ದ. ಅಮ್ಮ ಕಿಟಕಿಯ ಪಕ್ಕ ಸುಮ್ಮನೆ ಕೂತಿರುತ್ತಿದ್ದಳು, ಕೂದಲು ಬಾಚಿರುತ್ತಿತ್ತು, ಬಟ್ಟೆ ಮಡಿಯಾಗಿರುತ್ತಿತ್ತು. ಎಲ್ಲ ಚೆನ್ನಾಗಿದೆ ಎಂದುಕೊಂಡು ಹಿಂದಿರುಗುತ್ತಿದ್ದ. ಒಂದು ದಿನ ಹೋದಾಗ ಕಿಟಕಿಯ ಪಕ್ಕದ ಕುರ್ಚಿ ಖಾಲಿ. ಅಮ್ಮನನ್ನು ಊರಾಚೆಯ ವೃದ್ಧಾಶ್ರಮಕ್ಕೆ ಸೇರಿಸಿದ್ದೇನೆ ಎಂದು ಅಕ್ಕ ಸೊಪ್ಪು ಬಿಡಿಸುತ್ತಲೇ ಹೇಳಿದಳು. ಅವನು ಆಗ ಏನೂ ಕೇಳಲಿಲ್ಲ. 

ಕೇಳದೆ ಉಳಿದದ್ದು ಹೊರಗೆ ಬಂದದ್ದು ಅಮ್ಮ ತೀರಿಕೊಂಡ ದಿನ, ಅದೂ ಅಕ್ಕನ ಮನೆಯ ಹಜಾರದಲ್ಲಿ, ನೆಂಟರಿಷ್ಟರೆಲ್ಲ ಸೇರಿದ್ದಾಗ. "ಅಮ್ಮನ್ನ ಹೊರಗೆ ಹಾಕಿ, ಈಗ ಯಾರಿಗೆ ತೋರಿಸೋಕೆ ಅಳ್ತೀಯ ಅಕ್ಕ?" ಎಂದುಬಿಟ್ಟ. ಜನ್ಮದಲ್ಲಿ ಒಮ್ಮೆ ಮುಂದೆ ಬಿದ್ದು ಆಡಿದ ಮಾತು ಅದು. ಅಕ್ಕ ಕೈಯಲ್ಲಿದ್ದ ಲೋಟಗಳ ತಟ್ಟೆಯನ್ನು ಮೇಜಿನ ಮೇಲಿಟ್ಟು, ತಿರುಗಿ ಒಳಗೆ ಹೋದಳು. ಆ ಬೆನ್ನನ್ನು ಅವನು ಕಣ್ಣುಬಿಟ್ಟು ನೋಡಿದ. ಸೆಟೆದು ನಿಂತ ಬೆನ್ನು. ಕಲ್ಲು ಮನಸ್ಸಿನವಳು ಎಂದು ಓದಿಕೊಂಡ. ಅಂದಿನಿಂದ ಅವಳು ಇವನ ಹೊಸ್ತಿಲು ತುಳಿಯಲಿಲ್ಲ, ಇವನು ಅವಳ ಬೀದಿಗೆ ಕಾಲಿಡಲಿಲ್ಲ. ಹೆಂಡತಿ ಒಂದೆರಡು ಸಲ ಹೇಳಿ ನೋಡಿದಳು. ಹಟದಲ್ಲಿ ಅಕ್ಕ ತಮ್ಮ ಒಂದೇ ಅಚ್ಚಿನವರು ಎಂದು ಕೈಬಿಟ್ಟಳು. ಅಥವಾ ಕೈಬಿಟ್ಟಳೆಂದು ಅವನು ತಿಳಿದುಕೊಂಡ.

ಹಾಗೆ ವರ್ಷಗಳು ಹೋದವು. ಒಂದು ಮಧ್ಯಾಹ್ನ ಕೆಲಸಕ್ಕೆ ಹೊರಡುವಾಗ ಹೆಂಡತಿ ಇಸ್ತ್ರಿ ಮಾಡಿದ ಶರ್ಟು ಹಿಡಿದುಕೊಂಡು ಬಂದು ಅದನ್ನೇ ಹಾಕಿಕೊಳ್ಳಬೇಕೆಂದು ಪಟ್ಟು ಹಿಡಿದಳು. ಹಾದಿಯಲ್ಲಿ ನನ್ನನ್ನು ನೋಡುವವರು ಯಾರು, ಏಡಿಗಳೇ ಎಂದು ಅವನು ಗೊಣಗಿದ. ಏಡಿಗಳೇ ನೋಡಲಿ ಎಂದು ಗುಂಡಿ ತಾನೇ ಹಾಕಿದಳು.

ಆ ದಿನ ಉಬ್ಬರ ಬೇಗ, ಅದೂ ದೊಡ್ಡ ಉಬ್ಬರ. ಗೇಟು ಮುಚ್ಚುವ ಸ್ವಲ್ಪ ಮೊದಲು ಒಬ್ಬ ಹೆಂಗಸು ಬಂದು ಬಿಲ್ಲೆ ತೆಗೆದುಕೊಂಡು ಹೋದಳೆಂದೂ, ನಡಿಗೆ ನಿಧಾನವೆಂದೂ, ದಂಡೆಯ ವಿಷಯ ಹೇಳಿದರೆ ಗೊತ್ತು ಗೊತ್ತು ಎಂದು ಕೈಯಾಡಿಸಿಬಿಟ್ಟಳೆಂದೂ ಕೌಂಟರಿನಾಕೆ ವರದಿ ಒಪ್ಪಿಸಿದಳು. ಬಾಲಣ್ಣ ವಾಕಿಟಾಕಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟ. ದಿಬ್ಬಗಳನ್ನು ದಾಟಿ ತೋಪಿಗೆ ಬಂದಾಗ ಮುಂದೆ, ಮರಗಳ ನಡುವೆ, ಬೂದು ಸ್ವೆಟರಿನ ಬೆನ್ನೊಂದು ಕಾಣಿಸಿತು. ಕೊಡೆಯನ್ನು ಊರುಗೋಲು ಮಾಡಿಕೊಂಡು ಬಲಗಾಲನ್ನು ಎಳೆದೆಳೆದು ನಡೆಯುತ್ತಿತ್ತು. ಎಡಭುಜ ಕೆಳಗಿಳಿದಿತ್ತು.

ಬಾಲಣ್ಣನ ಕಾಲುಗಳು ಅಲ್ಲೇ ನಿಂತವು.

ಅಕ್ಕ ಯಾಕೆ ಬಂದಳು? ನನ್ನನ್ನು ನೋಡಲಿಕ್ಕಾ? ಛೆ, ನೋಡಲು ಬರುವವಳು ಮನೆಗೆ ಬರುತ್ತಿದ್ದಳು, ಕಾಡು ಯಾಕೆ ಹೊಗುತ್ತಾಳೆ. ಎಲ್ಲರಂತೆ ಹಕ್ಕಿ ನೋಡಲು ಬಂದಿರಬೇಕು, ನಾನಿಲ್ಲಿ ಇರುತ್ತೇನೆನ್ನುವುದು ಅವಳಿಗೆ ಮರೆತೇ ಹೋಗಿರಬೇಕು. ಹತ್ತಿರ ಹೋಗಿ ಅಕ್ಕಾ ಎಂದರೆ ಮುಖ ತಿರುಗಿಸಿಕೊಂಡುಬಿಟ್ಟರೆ? ಹೀಗೆಲ್ಲ ತಲೆಯೊಳಗೆ ಗಿರಣಿ ತಿರುಗುತ್ತಿದ್ದರೂ ಕಾಲುಗಳು ತಮ್ಮ ಕೆಲಸ ಮರೆಯಲಿಲ್ಲ. ಅವಳು ನಡೆದರೆ ನಡೆದವು, ನಿಂತರೆ ನಿಂತವು. ಹಲಗೆಯ ದಾರಿಯಲ್ಲಿ ಅವಳು ಕೈಕಂಬಿ ಹಿಡಿದು ತುಂಬ ಹೊತ್ತು ಏಡಿಗಳನ್ನು ನೋಡಿದಳು. ಇವನು ಹಲಗೆಯ ಈಚೆ ಪೊದೆಯ ಮರೆಯಲ್ಲಿ ನಿಂತು ಅವಳನ್ನು ನೋಡಿದ. ಬಯಲಿನ ಹತ್ತಿರ ಒಂದು ಕಡಲಹಕ್ಕಿ ಅವಳ ತಲೆಯ ಮೇಲೆ ಕಿರುಚಿಕೊಂಡು ಸುತ್ತಿತು. ಅವಳು ಹಗ್ಗದಿಂದ ಇನ್ನೊಂದು ಮಾರು ದೂರ ಸರಿದು ನಡೆದಳು. ಎಲ್ಲಿಯೂ ಹಿಂದೆ ತಿರುಗಿ ನೋಡಲಿಲ್ಲ. ಗುಡ್ಡ ಹತ್ತುವಾಗ ಅವಳು ಕೊಡೆಯ ಮೇಲೆ ಇಡೀ ಭಾರ ಹಾಕಿ, ಒಂದೊಂದು ಮೆಟ್ಟಿಲಿಗೂ ಉಸಿರು ಬಿಟ್ಟಾಗ ಅವನ ಕೈ ತಾನಾಗಿ ಮುಂದೆ ಚಾಚಿತು. ನಡುವೆ ಇದ್ದ ಅಂತರದಲ್ಲಿ ಆ ಕೈಯಿಂದ ಏನೂ ಪ್ರಯೋಜನವಿರಲಿಲ್ಲ. ಮತ್ತೆ ಜೇಬಿಗೆ ಹಾಕಿಕೊಂಡ.

ಗುಡ್ಡದ ತುದಿಗೆ ಬಂದವಳು ಬೆಂಚಿನ ಮೇಲೆ ಕೂತಳು. ಕೊಡೆಯನ್ನು ಪಕ್ಕಕ್ಕೆ ಒರಗಿಸಿ, ಮಂಡಿ ನೀವಿಕೊಂಡು, ಕಡಲಿಗೆ ಮುಖ ಮಾಡಿದಳು. ಬಾಲಣ್ಣ ಗುಡಿಸಲಿನ ಹಿಂದೆ ನಿಂತ. ಈಗ ಏಳುತ್ತಾಳೆ, ಇನ್ನೊಂದು ಗಳಿಗೆಗೆ ಏಳುತ್ತಾಳೆ ಎಂದು ಕಾದ. ಅವಳು ಏಳಲಿಲ್ಲ. ಬೆಂಚಿನ ಮೇಲೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಒಂದು ಪಕ್ಕಕ್ಕೆ ಸರಿದು ಕೂತಿದ್ದಳು. ಬೆನ್ನು ಓದುವ ಪಂಡಿತನಿಗೆ ಆ ಖಾಲಿ ಜಾಗ ಕಾಣಿಸಿತು, ಅರ್ಥ ಮಾತ್ರ ತಲೆಗೆ ಹೋಗಲಿಲ್ಲ. ಅದು ಕೊಡೆಗೆ ಬಿಟ್ಟ ಜಾಗ ಎಂದುಕೊಂಡ.

ಸೂರ್ಯ ಇಳಿಯುತ್ತಿದ್ದ. ಗುಡ್ಡದ ಕೆಳಗೆ ದಂಡೆಯ ಎರಡೂ ಕಡೆ ನೀರು ನೊರೆ ಬಿಡುತ್ತ ಹತ್ತಿರ ಹತ್ತಿರ ಬರುತ್ತಿತ್ತು. ವಾಕಿಟಾಕಿ ಕರಕರ ಎಂದಿತು. ಎಲ್ಲ ಕೊಕ್ಕೆಗಳೂ ತುಂಬಿವೆ, ನಿಮ್ಮದು ಮತ್ತು ಆ ಹೆಂಗಸಿನದು ಮಾತ್ರ ಬಾಕಿ, ನೀರು ದಂಡೆಯ ಮೊದಲ ಕಂಬ ಮುಟ್ಟಿದೆ ಎಂದಳು ಕೌಂಟರಿನಾಕೆ. ಕೂತಿದ್ದಾರೆ, ಇನ್ನೂ ಎದ್ದಿಲ್ಲ ಎಂದು ಅವನು ಪಿಸುಗುಟ್ಟಿದ. ಎಬ್ಬಿಸಿ ಎಂದಳು ಅವಳು. ಇಷ್ಟು ಸುಲಭದ ಮಾತು ಇನ್ನೊಂದಿಲ್ಲ. ಬೇರೆ ಯಾರಾದರೂ ಆಗಿದ್ದರೆ ಇಷ್ಟು ಹೊತ್ತಿಗೆ ಒಮ್ಮೆ ಕೆಮ್ಮಿ, ಒಣಗಿದ ಕಡ್ಡಿಯೊಂದನ್ನು ತುಳಿದು ಸದ್ದು ಮಾಡಿ, ಅವರಾಗಿಯೇ ಏಳುವಂತೆ ಮಾಡುತ್ತಿದ್ದ. ಅದಕ್ಕೂ ಒಂದು ಹದವಿತ್ತು. ಅಕ್ಕನ ಮುಂದೆ ಕೆಮ್ಮೂ ಹೊರಡಲಿಲ್ಲ.

ದಂಡೆಯ ಉದ್ದಕ್ಕೂ ನೆಟ್ಟ ಕಂಬಗಳಿಗೆ ಕೆಂಪು ಪಟ್ಟಿ ಬಳಿದಿದೆ. ನೀರು ಪಟ್ಟಿಯ ಕೆಳಗಿದ್ದರೆ ದಾಟಬಹುದು. ಪಟ್ಟಿ ಮುಟ್ಟಿದರೆ ದಾಟುವ ಮಾತಿಲ್ಲ, ಇಳಿತ ಬರುವ ತನಕ ಬಾಗಿಲಿಲ್ಲದ ಗುಡಿಸಲಲ್ಲಿ ಗಾಳಿಗೆ ಮೈಯೊಡ್ಡಿ ಕೂರಬೇಕು. ಅಕ್ಕನ ಕಾಲನ್ನು ಆ ಚಳಿಯಲ್ಲಿ ನೆನೆದು ಅವನಿಗೆ ಸಂಕಟವಾಯಿತು. ಸಂಕಟಕ್ಕಿಂತ ಹೆಚ್ಚಾಗಿ, ಅಷ್ಟು ಹೊತ್ತೂ ಅವಳು ಬೆಂಚಿನಲ್ಲಿ, ತಾನು ಗುಡಿಸಲಿನ ಹಿಂದೆ, ಇಬ್ಬರೂ ಬೆಳಗಿನ ತನಕ ಹೀಗೇ ಇದ್ದುಬಿಟ್ಟೇವು ಎನ್ನಿಸಿ ಹೆದರಿಕೆಯಾಯಿತು. ಇಷ್ಟು ವರ್ಷ ಇದ್ದದ್ದೂ ಹಾಗೆಯೇ ಅಲ್ಲವೇ. ಬಾಲಣ್ಣ ಶರ್ಟನ್ನು ಕೆಳಗೆಳೆದುಕೊಂಡ. ಗುಡಿಸಲಿನ ಮರೆ ಬಿಟ್ಟು ಬಂದ. ಬೆಂಚಿನ ಪಕ್ಕ ನಿಲ್ಲಲಿಲ್ಲ. ಅದನ್ನು ದಾಟಿ, ಅಕ್ಕನ ಎದುರಿಗೆ ಹೋಗಿ, ಕಡಲಿಗೆ ಬೆನ್ನು ಮಾಡಿ ನಿಂತ.

ಅವಳ ಮುಖ ನೋಡಿದ. ಬೆನ್ನು ಹೇಳಿದ್ದಕ್ಕಿಂತ ಮುಖಕ್ಕೆ ಹೆಚ್ಚು ವಯಸ್ಸಾಗಿತ್ತು.

"ಎಷ್ಟೊತ್ತಿಂದ ಕಾಯ್ತಿದ್ದೀನಿ ಕಣೋ," ಎಂದಳು ಅಕ್ಕ. "ಹಿಂದೆ ನೀನಿದ್ದೀಯ ಅಂತ ತೋಪಲ್ಲೇ ಹೆಜ್ಜೆ ಸದ್ದಿಗೆ ಗೊತ್ತಾಯ್ತು. ಬಂದು ಕೂತ್ಕೋತೀಯ ಅಂತ ಜಾಗ ಬಿಟ್ಟೆ. ನೀನು ಬರ್ಲೇ ಇಲ್ಲ."

"ನೀನು ಏಳ್ಲಿ ಅಂತ ನಾನು ಕಾಯ್ತಿದ್ದೆ."

"ನಾನು ಯಾಕೆ ಏಳ್ಲಿ?"

"ಕೂತವರನ್ನ ದಾಟಬಾರ್ದು ಅಕ್ಕ. ಕೆಲಸದಲ್ಲಿ ಹಾಗೆ."

ಅಕ್ಕ ಅವನನ್ನು ಒಂದು ಗಳಿಗೆ ನೋಡಿದಳು. ಅವಳ ಬಾಯಿಯ ಕೊನೆ ಅದುರಿ, ನಗುವೋ ಅಳುವೋ ಎಂದು ತೀರ್ಮಾನವಾಗದೆ, ಕಡೆಗೆ ನಗುವೇ ಬಂತು. ಅವನಿಗೂ ಬಂತು. ಇಬ್ಬರೂ ನಗುತ್ತ ಕಣ್ಣೊರೆಸಿಕೊಳ್ಳುವಾಗ ವಾಕಿಟಾಕಿ ಮತ್ತೆ ಕರಕರ ಎಂದಿತು. ನೀರು ಮೂರನೇ ಕಂಬಕ್ಕೆ ಬಂದಿತ್ತು. ಪಟ್ಟಿಗೆ ಇನ್ನೂ ಒಂದು ಗೇಣು ಬಾಕಿ.

ಕೆಳಗಿಳಿದು ಇಬ್ಬರೂ ಚಪ್ಪಲಿ, ಷೂ ಕೈಗೆ ತೆಗೆದುಕೊಂಡರು. ಅವನು ಅಭ್ಯಾಸದಂತೆ ಪಕ್ಕಕ್ಕೆ ಸರಿದು, ಮುಂದೆ ನಡಿ ಎಂದು ಕೈ ತೋರಿಸಿದ. ಅವಳು ನೀರನ್ನು ನೋಡಿ ತಲೆಯಾಡಿಸಿದಳು. ನೆಲ ಕಾಣುತ್ತಿರಲಿಲ್ಲ. ದಂಡೆ ನೇರವಾಗಿಯೂ ಇರಲಿಲ್ಲ. ಎಲ್ಲಿ ಗಟ್ಟಿ, ಎಲ್ಲಿ ಕುಸಿಯುತ್ತದೆ ಎಂದು ತಿಳಿದವರು ಮುಂದೆ ಹೋಗಲೇಬೇಕಿತ್ತು. ಬಾಲಣ್ಣ ತುಟಿ ಕಚ್ಚಿಕೊಂಡು ನೀರಿಗೆ ಕಾಲಿಟ್ಟ. ಕೊಡೆಯ ಹಿಡಿಕೆಯನ್ನು ಅವಳ ಕೈಯಲ್ಲೇ ಬಿಟ್ಟು, ತುದಿಯನ್ನು ತಾನು ಹಿಂದಕ್ಕೆ ಕೈ ಚಾಚಿ ಹಿಡಿದುಕೊಂಡ.

ನೀರು ಮೊದಲು ಪಾದಕ್ಕಿತ್ತು, ಆಮೇಲೆ ಮೊಣಕಾಲಿನ ಕೆಳಗೆ ಬಂತು. ಅವನು ಕಾಲಿನಿಂದ ನೆಲ ತಡವುತ್ತ, ಮುಂದಿನ ಕಂಬದ ಮೇಲೆ ಕಣ್ಣು ನೆಟ್ಟು ನಡೆದ. ತಿರುಗಿ ನೋಡುವಂತಿರಲಿಲ್ಲ. ಅಕ್ಕ ಮಾತು ಶುರುಮಾಡಿದ್ದು ಆಗ. ಮುಖ ನೋಡಿ ಹೇಳಲಾಗದ್ದನ್ನು ಅವಳು ಅವನ ಬೆನ್ನಿಗೆ ಹೇಳಿದಳು.

ಅಮ್ಮ ಮನೆಯಿಂದ ಎದ್ದು ಹೋಗುತ್ತಿದ್ದಳಂತೆ. ಇನ್ನೂ ಬೆಳಕಾಗುವ ಮೊದಲೇ, ಗಿರಣಿಯ ಪಾಳಿಗೆ ಹೊತ್ತಾಯಿತು ಎಂದು. ತಡೆದರೆ ಹೊಡೆಯುತ್ತಿದ್ದಳು, ಅಳುತ್ತಿದ್ದಳು. ಅದಕ್ಕೆ ಅಕ್ಕ ತಡೆಯುವುದನ್ನು ಬಿಟ್ಟು ಹಿಂದೆ ಹೋಗತೊಡಗಿದಳು. ಅಮ್ಮನಿಗೆ ಗೊತ್ತಾಗದಂತೆ, ಅವಳು ನಡೆದರೆ ನಡೆದು, ನಿಂತರೆ ಅಂಗಡಿಯ ಮರೆಗೆ ನಿಂತು, ಇಡೀ ಊರು ಸುತ್ತಿ, ಗಿರಣಿಯ ಮುಚ್ಚಿದ ಗೇಟಿನ ತನಕ. ಅಲ್ಲಿ ಅಮ್ಮ ಸುಸ್ತಾಗಿ ಕೂತ ಮೇಲೆ ಕರೆದುಕೊಂಡು ಬರುವುದು. ತಮ್ಮ ಬರುವ ಹೊತ್ತಿಗೆ ತಲೆ ಬಾಚಿ, ಬಟ್ಟೆ ಬದಲಾಯಿಸಿ, ಕಿಟಕಿಯ ಪಕ್ಕ ಕೂರಿಸುವುದು. ದಿನವೂ ಹಾಗೆಯೇ.

"ಆಗೆಲ್ಲ ನಿನ್ನ ನೆನಪಾಗ್ತಿತ್ತು," ಎಂದಳು. "ಇವನು ದಿನಾ ಹೇಗಪ್ಪ ನಡೀತಾನೆ ಅಂತ. ಒಂದಿನ ನನಗೆ ನಿದ್ದೆ ಹತ್ತಿಬಿಡ್ತು ಕಣೋ. ಎದ್ದು ನೋಡಿದ್ರೆ ಬಾಗಿಲು ತೆಗೆದಿತ್ತು. ಓಡಿದೆ. ಬಿದ್ದೆ, ಈ ಮಂಡಿ ಹೋಗಿದ್ದು ಆವತ್ತೇ. ಅಮ್ಮ ರೈಲು ಹಳಿ ಮೇಲೆ ಸಿಕ್ಕಳು. ಸುಮ್ನೆ ನಿಂತಿದ್ದಳು, ನಡುಮಧ್ಯ. ಆಮೇಲೆ ನನ್ನ ಕೈಲಿ ಆಗಲಿಲ್ಲ."

ಬಾಲಣ್ಣನ ಕಾಲು ನೀರಿನಲ್ಲಿ ನಿಂತಿತು. ಒಂದು ಅಲೆ ಬಂದು ತೊಡೆ ತೋಯಿಸಿತು. ಗುರುತು ಪರಿಚಯವಿಲ್ಲದ ಜನರು ದಾರಿ ತಪ್ಪದಿರಲಿ ಎಂದು ಅವನು ದಿನವೂ ಅವರ ಹಿಂದೆ ನಡೆಯುತ್ತಿದ್ದ. ಅದೇ ದಿನಗಳಲ್ಲಿ ಹೆತ್ತ ತಾಯಿ ದಾರಿ ತಪ್ಪಿ ನಡೆಯುತ್ತಿದ್ದಳು, ಅವಳ ಹಿಂದೆ ಅಕ್ಕ ಒಬ್ಬಳೇ ಇದ್ದಳು. ಹಜಾರದಲ್ಲಿ ಸೆಟೆದು ನಿಂತ ಆ ಬೆನ್ನು ನೆನಪಾಯಿತು. ಅದು ಕಲ್ಲಾಗಿರಲಿಲ್ಲ. ಬೀಳದಂತೆ ಬಿಗಿಹಿಡಿದು ನಿಂತಿತ್ತು.

"ನನ್ನನ್ನ ಕರೀಬಾರದಿತ್ತಾ ಅಕ್ಕ?" ಎಂದ, ಮುಂದೆ ನೋಡಿಕೊಂಡೇ.

"ಕರೀಬೇಕಿತ್ತು. ನಾನು ಯಾವತ್ತು ಹಿಂದೆ ತಿರುಗಿದೋಳು ಹೇಳು. ನೀನೂ ಒಂದು ಸಲ ಕೇಳಬಾರದಿತ್ತಾ? ಅಕ್ಕ, ನಿನಗೆ ಆಗ್ತಿದೆಯಾ ಅಂತ?"

ಕೇಳಬೇಕಿತ್ತು, ಕೇಳಲಿಲ್ಲ, ಆಡಬಾರದ್ದನ್ನು ಆಡಿದೆ, ಅದು ತಪ್ಪು ಎಂದ. ಗಾಳಿಗೆ ಅದು ಅವಳಿಗೆ ಕೇಳಿಸಿತೋ ಇಲ್ಲವೋ ಎಂದು ಅನುಮಾನ ಬಂದು ಇನ್ನೊಮ್ಮೆ ಜೋರಾಗಿ ಹೇಳಿದ. ಹಿಂದಿನಿಂದ ಮಾತು ಬರಲಿಲ್ಲ. ನಡುವಿನ ತಗ್ಗು ಬಂದಿತ್ತು, ಹಿನ್ನೀರಿನ ಸೆಳೆತ ಕಾಲನ್ನು ಪಕ್ಕಕ್ಕೆ ದೂಡುತ್ತಿತ್ತು. ಕೊಡೆಯ ತುದಿ ಕೈಯಲ್ಲಿ ಹಗುರಾಯಿತು. ಹಿಂದೆ ನಡೆದು ಗೊತ್ತಿದ್ದವನಿಗೆ ಮುಂದೆ ನಡೆಯುವವರ ಭಯ ಏನೆಂದು ಆ ಕ್ಷಣಕ್ಕೆ ತಿಳಿಯಿತು. ಬೆನ್ನಿಗೆ ಕಣ್ಣಿಲ್ಲ. ಇರುವುದು ಬಾಯಿ ಮಾತ್ರ.

"ಬಂದ್ಯಾ?" ಎಂದು ಕೂಗಿದ.

ನೀರಿನ ಸದ್ದು. ಗಾಳಿ. ಆಮೇಲೆ ಕೊಡೆ ಮೆಲ್ಲಗೆ ಬಿಗಿಯಾಯಿತು.

"ಬಂದೆ," ಎಂದಳು ಅಕ್ಕ.

ಕೊನೆಯ ಕಂಬ ದಾಟಿ ಒಣ ಮರಳಿಗೆ ಕಾಲಿಟ್ಟಾಗ ಕೌಂಟರಿನಾಕೆ ಟಾರ್ಚು ಹಿಡಿದು ಗೇಟಿನಾಚೆ ನಿಂತಿದ್ದಳು. ಬೈಯಲು ಬಾಯಿ ತೆರೆದವಳು ಇಬ್ಬರ ಮುಖ ನೋಡಿ ಮುಚ್ಚಿಕೊಂಡು, ಎರಡು ಬಿಲ್ಲೆಗಳನ್ನೂ ಇಸಿದುಕೊಂಡು ಹೋಗಿ ಪಕ್ಕಪಕ್ಕದ ಕೊಕ್ಕೆಗಳಿಗೆ ಸಿಕ್ಕಿಸಿದಳು. ಮಂಡಿಯ ಆಪರೇಷನ್ನಿಗೆ ದಿನ ಗೊತ್ತಾಗಿದೆ, ಮತ್ತೆ ನಡೆದು ಬರಲಾಗದಂತಾದರೆ ಎಂದು ಹೆದರಿ ಅದಕ್ಕೆ ಮೊದಲು ಬಂದೆ ಎಂದು ಅಕ್ಕ ಹೇಳಿದ್ದು ಮನೆಯ ದಾರಿಯಲ್ಲಿ. ನಿನ್ನ ಮನೆಗೆ ಬಂದರೆ ನೀನು ಬಾಗಿಲು ತೆಗೆಯುತ್ತೀಯೋ ಇಲ್ಲವೋ ಅನ್ನಿಸಿತು, ಇಲ್ಲಿಯಾದರೆ ಕೊನೆಯವಳ ಹಿಂದೆ ನೀನು ಬರಲೇಬೇಕಲ್ಲ ಎಂದೂ ಹೇಳಿದಳು. ಈ ಉಪಾಯದಲ್ಲಿ ಇಸ್ತ್ರಿ ಶರ್ಟಿನವಳ ಕೈವಾಡ ಎಷ್ಟಿತ್ತೆಂದು ಬಾಲಣ್ಣ ಕೇಳಲಿಲ್ಲ. ಬಾಗಿಲು ತೆರೆದ ಹೆಂಡತಿ ಮಾತ್ರ ಇಬ್ಬರ ತೊಯ್ದ ಬಟ್ಟೆ ನೋಡಿ, ಹೋಗಲಿ, ಏಡಿಗಳು ಶರ್ಟು ಮೆಚ್ಚಿದುವಾ ಎಂದು ಕೇಳಿ ಒಳಗೆ ಟವೆಲು ತರಲು ಹೋದಳು.

ಆಪರೇಷನ್ ಆದ ಮೇಲೆ ಬಾಲಣ್ಣ ದಿನವೂ ಬೆಳಿಗ್ಗೆ ಆಸ್ಪತ್ರೆಗೆ ಹೋಗುತ್ತಿದ್ದ. ಹಸಿರು ಬಣ್ಣ ಬಳಿದ ಉದ್ದನೆಯ ಕಾರಿಡಾರಿನಲ್ಲಿ ಅಕ್ಕನಿಗೆ ನಾಲ್ಕು ಕಾಲಿನ ಊರುಗೋಲು ಕೊಟ್ಟು ನಡೆಸುತ್ತಿದ್ದರು. ಮೊದಲ ದಿನ ಅವನು ತನ್ನ ಜಾಗದಲ್ಲಿ, ಅಂದರೆ ಅವಳ ಹಿಂದೆ, ಹಿಡಿಯಲು ಎರಡೂ ಕೈ ಚಾಚಿಕೊಂಡು ನಿಂತ. ವ್ಯಾಯಾಮ ಮಾಡಿಸುವ ಹುಡುಗಿ ಅವನ ತೋಳು ಹಿಡಿದು ಮುಂದಕ್ಕೆ ತಂದಳು. ಹಿಂದೆ ನಾನಿರುತ್ತೇನೆ, ನೀವು ಎದುರಿಗೆ ನಿಂತು ಕರೆಯಿರಿ, ಎದುರಿಗೆ ಗೊತ್ತಿರುವ ಮುಖ ಕಂಡರೆ ಹೆಜ್ಜೆ ತಾನಾಗಿ ಬರುತ್ತದೆ ಎಂದಳು. ಹಾಗೆ ಬಾಲಣ್ಣ ಅಕ್ಕನಿಗೆ ಎದುರಾಗಿ, ಹಿಂದುಹಿಂದಕ್ಕೆ ಹೆಜ್ಜೆಯಿಡುತ್ತ ನಡೆಯುವುದನ್ನು ಕಲಿತ. ಗೋಡೆಗೆ ತಾಗಿದ, ಔಷಧಿಯ ಗಾಡಿಗೆ ಡಿಕ್ಕಿ ಹೊಡೆದ, ನರ್ಸಮ್ಮನ ಕೈಯಲ್ಲಿ ಬೈಸಿಕೊಂಡ. ಆದರೆ ಕಣ್ಣು ಅಕ್ಕನ ಮುಖ ಬಿಟ್ಟು ಕದಲಲಿಲ್ಲ. ನೋವಾದಾಗ ಅವಳು ಎಡ ಹುಬ್ಬು ಮೇಲೆತ್ತುತ್ತಾಳೆ ಎನ್ನುವುದು ಈ ವಯಸ್ಸಿನಲ್ಲಿ ಅವನಿಗೆ ಗೊತ್ತಾಯಿತು.

"ಆಗ್ತಿದೆಯಾ ಅಕ್ಕ?" ಎಂದು ಕೇಳಿದ.

"ಆಗ್ತಿಲ್ಲ ಕಣೋ," ಎಂದಳು ಅಕ್ಕ, ಎಡ ಹುಬ್ಬು ಮೇಲೆತ್ತಿ.

ಅವನು ನಿಂತ. ಅವಳು ಉಸಿರು ತೆಗೆದುಕೊಂಡು ಮುಂದಿನ ಹೆಜ್ಜೆ ಇಡುವ ತನಕ ಕಾದ.